ಕಲ್ಲೂರು ದಾಟಿದ ಮೇಲೆ ಕೇಳುವ ದನಿ

ಸತ್ತವನ ದನಿ ಕಾರಿನ ಗಾಲಿಯಿಂದ ಬರುತ್ತದೆ ಎಂದರೆ ನಗುವವರು ನಗಲಿ. ವಿಜಯಲಕ್ಷ್ಮಿ ಟೀಚರ್ ನಗುತ್ತಿರಲಿಲ್ಲ. ರಾಯಚೂರಿನ ಮನೆಯಿಂದ ಮಾನ್ವಿಯ ಹೈಸ್ಕೂಲಿಗೆ ದಿನಾ ಅದೇ ಕಾರಿನಲ್ಲಿ ಹೋಗಿಬರುವವಳು ಅವಳು. ಊರೊಳಗಿನ ಹಂಪುಗಳ ಮೇಲೆ ಹೊಟ್ಟೆ ತಿಕ್ಕಿಸಿಕೊಳ್ಳುತ್ತಿದ್ದ ಕಾರು ಕಲ್ಲೂರು ದಾಟಿ ವೇಗ ಹಿಡಿಯಿತೆಂದರೆ ಕೆಳಗಿನಿಂದ ಒಂದು ದನಿ ತೆಗೆಯುತ್ತಿತ್ತು. ಹ್ಞೂಂ ಎಂದು ಎದ್ದು, ಏರಿ, ವೇಗ ಇಳಿದಂತೆ ತಾನೂ ಇಳಿಯುತ್ತಿತ್ತು. ಅವಳ ತಮ್ಮ ಅಂಬರೀಶ ಸ್ಟೇರಿಂಗ್ ಹಿಡಿದರೆ ಬಾಯಿ ಮುಚ್ಚಿಕೊಂಡೇ ಹಾಡು ಗುನುಗುತ್ತಿದ್ದ. ಅದೇ ಗುನುಗು.

ಕಾರೂ ಅವನದೇ. ಮದುವೆಗಳ ವಿಡಿಯೊ ತೆಗೆದು ದುಡಿದದ್ದನ್ನೆಲ್ಲ ಅದಕ್ಕೇ ಸುರಿದಿದ್ದ. ಗೆಳೆಯ ಗುಲಾಮ್ ರಸೂಲ್‌ನ ವರ್ಕ್‌ಶಾಪಿನಲ್ಲಿ ಸ್ಪ್ರಿಂಗ್ ಕೊಯ್ಸಿ, ರೇಸ್ ಕಾರಿನಂತೆ ಕಾಣಲಿ ಎಂದು ಕಾರನ್ನು ನೆಲಕ್ಕೆ ಕೂರಿಸಿದ್ದ. ಮೂವತ್ತು ದಾಟಿದ ಅಕ್ಕನ ಮದುವೆಯ ಸುದ್ದಿ ಹಿಡಿದು ಬಂಧುಗಳು ಪಡಸಾಲೆಯಲ್ಲಿ ಕೂತಾಗ ಅವಳ ಕೈಗೆ ಕೀಲಿ ಕೊಟ್ಟವನೂ ಅವನೇ. "ಬಸ್ಸಿನ ಹಾದಿ ಕಾಯೂದು ಸಾಕು ಅಕ್ಕಾ, ನೀನೇ ಹೊಡಿ," ಎಂದಿದ್ದ. ಹೋದ ವರ್ಷ ಶ್ರಾವಣದಲ್ಲಿ ಜ್ವರ ಬಂತು. ದೊಡ್ಡ ಬೋರ್ಡಿನ ಖಾಸಗಿ ಆಸ್ಪತ್ರೆಯೊಂದರ ಗಾಜಿನ ಬಾಗಿಲ ಹಿಂದೆ ಹೋದವನು ಹೆಣವಾಗಿ ಹೊರಗೆ ಬಂದ.

ಆಮೇಲೆ ತಾಯಿ ಸೂಗಮ್ಮ ಒಂದು ರೂಢಿ ಹಚ್ಚಿಕೊಂಡಳು. ಸೋಮವಾರ ಬಂತೆಂದರೆ ಮಗಳ ಜೊತೆ ಮಾನ್ವಿಗೆ ಹೊರಡುತ್ತಿದ್ದಳು. ಸಂಜೆತನಕ ಶಾಲೆಯ ಬೇವಿನ ನೆರಳಲ್ಲಿ ಕೂತು ತಿರುಗಿ ಬರುವುದು. ಕಲ್ಲೂರು ದಾಟಿದ ಕೂಡಲೇ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚುತ್ತಿದ್ದಳು. ಮಗಳು ಮಾತಾಡಿದರೆ, "ಸುಮ್ಮನಿರು. ಒಂದೀಟು ಜೋರ ಹೊಡಿ," ಎನ್ನುವಳು.

ಗಾಡಿಗೆ ಗಾಳಿ ಸೋಕಿದೆ ಎಂದು ಬಂಧುಗಳು ತೀರ್ಮಾನ ಕೊಟ್ಟರು. ಯಾರೋ ಅಯ್ಯನವರು ಬಂದು ಬಂಪರಿಗೆ ಕರಿದಾರ ಕಟ್ಟಿ, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟು ತುಳಿಸಿದರು. ನಿಂಬೆಹಣ್ಣು ಇಡಲು ಬಗ್ಗಿದ ತಲೆ ಇನ್ನೊಂದು ಗೇಣು ಒಳಗೆ ಬಗ್ಗಿದ್ದರೆ ಎಲ್ಲ ಕಾಣುತ್ತಿತ್ತು. ಬಗ್ಗಲಿಲ್ಲ. ನಮ್ಮ ಕಡೆ ದೇವರಿಗೆ ಬಗ್ಗುವುದೂ ಅಳತೆಯ ಮೇಲೆಯೇ.

ಕಡೆಗೆ ಸ್ಟೇರಿಂಗ್ ನಡುಗಲು ಶುರುವಾಯಿತು. ಭಾನುವಾರ ಬೆಳಿಗ್ಗೆ ವಿಜಯಲಕ್ಷ್ಮಿ ಕಾರನ್ನು ಗುಲಾಮ್ ರಸೂಲ್‌ನ ಹತ್ತಿರ ಒಯ್ದಳು. ಸೂಗಮ್ಮ ಬಿಡದೆ ಜೊತೆಗೆ ಬಂದಳು. ಅವನು ಕಾರನ್ನು ಮೇಲೆತ್ತಿ, ಮುಂದಿನ ಗಾಲಿಯ ಹಿಂದೆ ಕೈ ಹಾಕಿ ಸವರಿದ.

"ಟೀಚರಮ್ಮಾ, ಒಳಗಿನ ಅಂಚು ಮುಟ್ಟಿ ನೋಡ್ರಿ. ಮೆಲ್ಲಗ."

ಹೊರಗಿನಿಂದ ಟೈರು ಹೊಸದರಂತೆ ಹಲ್ಲು ತೋರಿಸುತ್ತಿತ್ತು. ಒಳಗೆ ಕೈ ಹೋದಂತೆ ಹಲ್ಲು ಸವೆದು, ನುಣ್ಣಗಾಗಿ, ತುದಿಯಲ್ಲಿ ಉಕ್ಕಿನ ತಂತಿ ಕೈಗೆ ಸಿಕ್ಕಿತು.

"ಕಾರ್ ಇಳಿಸಿದಾಗ ಗಾಲಿ ತಲಿ ಒಳಗ ವಾಲ್ತದ್ರಿ. ಭಾರ ಎಲ್ಲಾ ಒಳಗಿನ ಅಂಚಿಗೆ ಬೀಳ್ತದ. ಅದರ ಮ್ಯಾಲೆ ಎರಡೂ ಗಾಲಿ ನೆಟ್ಟಗ ಮುಂದ ನೋಡವಲ್ಲವು. ಅದಕ್ಕ ಟೈರ್ ಉರಳೂದು ಬಿಟ್ಟು ರೋಡಿಗೆ ಉಜ್ಜಾಕತ್ತದ. ನಡುವಿನ ಹಲ್ಲು ಗರಗಸದಂಗ ಆಗ್ಯಾವ ನೋಡ್ರಿ. ಆ ಸಪ್ಪಳ ಇದರದೇ."

"ಇಳಿಸಿದಾಗ ಅಲೈನ್‌ಮೆಂಟ್ ಮಾಡಲಿಲ್ಲೇನು?"

ಗುಲಾಮ್ ರಸೂಲ್ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಮದಿವಿ ಶೂಟಿಂಗ್ ಅದ, ಆಮ್ಯಾಲೆ ಬರ್ತೀನಿ ಅಂದ ಅಂಬರೀಶ. ಆತು ಅಂದೆ."

"ಈಗ?"

"ಕೊಯ್ದ ಸ್ಪ್ರಿಂಗ್ ತೆಗೆದು ಸರಿ ಅಳತೀವು ಹಾಕ್ತೀನಿ, ಒಂದೀಟು ಮ್ಯಾಲೆ ಬರ್ತದ. ವಾಲಿದ ಗಾಲಿ ಎಬ್ಬಸಾಕ ಬ್ಯಾರೆ ಬೋಲ್ಟ್ ಸಿಗ್ತಾವ. ಹೊಸಾ ಟೈರು, ಅಲೈನ್‌ಮೆಂಟು. ಸಪ್ಪಳ ಪೂರಾ ಬಂದ್."

"ಬ್ಯಾಡ," ಎಂದಳು ಸ್ಟೂಲಿನ ಮೇಲೆ ಕೂತಿದ್ದ ಸೂಗಮ್ಮ. "ಏನೂ ಬಿಚ್ಚಬ್ಯಾಡ."

"ಯವ್ವಾ, ತಂತಿ ಹೊರಗ ಬಂದದ. ಒಡದ್ರ ನಾವಿಬ್ಬರೂ ಉಳಿಯಂಗಿಲ್ಲ ಬೇ," ಎಂದಳು ಮಗಳು.

"ಉಳದು ಏನ್ ಮಾಡೂದದ?"

ವಿಜಯಲಕ್ಷ್ಮಿ ಕೈಗೆ ಹತ್ತಿದ ಟೈರಿನ ಮಸಿ ಒರೆಸಿಕೊಂಡಳು. ಬಿಚ್ಚು ಎಂದು ಗಟ್ಟಿಯಾಗಿ ಹೇಳಲು ಅವಳಿಗೂ ಬಾಯಿ ಬರಲಿಲ್ಲ. ನಾಳೆ ಕಲ್ಲೂರು ದಾಟಿದ ಮೇಲೆ ಬರೀ ರಸ್ತೆ ಇರುತ್ತದೆ, ದನಿ ಇರುವುದಿಲ್ಲ.

ಅಷ್ಟರಲ್ಲಿ ಬೂದೆಪ್ಪ ಬಂದ. ದೇವದುರ್ಗದ ಕಡೆಯವನು. ಹಳೇ ವ್ಯಾನಿನಲ್ಲಿ ಹೆಣ್ಣಾಳುಗಳನ್ನು ಹತ್ತಿ ಬಿಡಿಸಲು ಹೊಲಗಳಿಗೆ ಬಿಡುವುದು ಅವನ ಕಸುಬು. ಸೆಕೆಂಡ್ ಹ್ಯಾಂಡ್ ಟೈರಿಗೆ ಮೊದಲೇ ಹೇಳಿಟ್ಟಿದ್ದ. ಕೂತು, ಟೈರಿನ ಹೊರಮೈಯನ್ನು ಎತ್ತಿನ ಬೆನ್ನು ತಟ್ಟಿದಂತೆ ತಟ್ಟಿದ.

"ಇವೇನು ಮಿಸ್ತ್ರಿ? ಇನ್ನಾ ಹರೇದಾಗ ಅದಾವಲ್ಲ."

"ಗಾಡ್ಯಾಗ ಎಷ್ಟು ಮಂದಿನ್ನ ಹೇರತೀಯಪ್ಪಾ?" ಸೂಗಮ್ಮ ಕೇಳಿದಳು.

"ಹಿಡಿದಷ್ಟು ಮಂದೀನ್ರೀ ಯವ್ವಾ. ಹಿಡಿದ ಮ್ಯಾಲೆ ಇನ್ನೊಬ್ಬಾಕಿ." ನಕ್ಕ. "ಆ ಇನ್ನೊಬ್ಬಾಕಿ ನನ್ನ ಹೆಣತಿ ರಾಧಾ. ಯಾವಾಗ್ಲೂ ಕಡೀಕ ಬರ್ತಾಳ."

"ಹೊಲದ ಹಾದಿ, ವೇಗ ಇರಂಗಿಲ್ಲ. ನಡೀತದ," ಎಂದು ಗುಲಾಮ್ ರಸೂಲ್ ಯಾರ ಮುಖವನ್ನೂ ನೋಡದೆ ಹೇಳಿದ.

ನಡೆಯುತ್ತದೆ. ಈ ಜಿಲ್ಲೆಯಲ್ಲಿ ಎಲ್ಲವೂ ಹೀಗೇ ನಡೆಯುವುದು. ರಾಯಚೂರಿನಲ್ಲಿ ಸವೆದದ್ದು ಮಾನ್ವಿಗೆ, ಮಾನ್ವಿಯಲ್ಲಿ ಸವೆದದ್ದು ದೇವದುರ್ಗಕ್ಕೆ. ಟೈರೂ ಹಾಗೆ, ಬಸ್ಸೂ ಹಾಗೆ. ಅಲ್ಲಿಂದ ಮುಂದಕ್ಕೆ ಸಾಗಿಹಾಕಲು ಇನ್ನೊಂದು ಊರಿಲ್ಲ. ಹಾಗಾಗಿ ಒಡೆಯುವುದೆಲ್ಲ ಅಲ್ಲೇ ಒಡೆಯುತ್ತದೆ. ಪೇಪರಿನಲ್ಲಿ ಮಾತ್ರ ಚಾಲಕನ ಅಜಾಗರೂಕತೆ ಎಂದು ಬರುತ್ತದೆ.

ಸೂಗಮ್ಮ ಎದ್ದಳು. ಗಾಲಿಯ ಹಿಂದೆ ಕೈ ತೂರಿಸಿ, ಮಗುವಿನ ಬೆನ್ನು ಸವರಿದಷ್ಟು ಹೊತ್ತು ಸವರಿದಳು. ತಂತಿ ಚುಚ್ಚಿತು. ರಕ್ತವನ್ನು ಸೆರಗಿಗೆ ಒರೆಸಿಕೊಂಡು, ಬೂದೆಪ್ಪನ ಕೈ ಹಿಡಿದು ಅದೇ ಜಾಗಕ್ಕೆ ಒಯ್ದಳು. ಅವನು ಕೈ ಹಿಂದಕ್ಕೆಳೆದುಕೊಂಡ. ನಗೆ ಹೋಗಿತ್ತು.

"ರಸೂಲಾ, ಬಿಚ್ಚು. ಬಿಚ್ಚಿ ನಾಲ್ಕೂ ಕೊಯ್ದು ಹಾಕು. ನನ್ನ ಮುಂದ."

"ಯವ್ವಾ, ನಾ ಹಾಕಿಕೊಂಡ ಟೈರು ಇದಕ್ಕಿಂತ ಬೋಳು ಅದಾವ್ರೀ," ಎಂದ ಬೂದೆಪ್ಪ. "ಕೊಯ್ಯೋ ಬದಲಿ ನಂಗ ಕೊಟ್ರ ಏನು ಹೋಗ್ತದ?"

ಸೂಗಮ್ಮ ಸ್ಟೂಲನ್ನು ಗಾಲಿಯ ಹತ್ತಿರಕ್ಕೆ ಎಳೆದುಕೊಂಡಳು. ಇಂಥ ಮಾತಿಗೆ ಜವಾಬು ಯಾರ ಬಳಿ ಇದೆ? ಬೂದೆಪ್ಪ ಗೊಣಗುತ್ತಾ, ಬೋಳು ಟೈರಿನ ಅದೇ ವ್ಯಾನು ಹತ್ತಿ ಹೋದ. ಗುಲಾಮ್ ರಸೂಲ್ ಟೈರುಗಳನ್ನು ಬಿಚ್ಚಿ ಗ್ರೈಂಡರ್ ಹಚ್ಚಿದ. ಸುಟ್ಟ ರಬ್ಬರಿನ ವಾಸನೆ ತುಂಬಿಕೊಂಡಿತು. ವಿಜಯಲಕ್ಷ್ಮಿ ಮುಖ ತಿರುಗಿಸಿದಳು. ತಾಯಿ ತಿರುಗಿಸಲಿಲ್ಲ. ಸಂಜೆಯ ಹೊತ್ತಿಗೆ ಹೊಸ ಸ್ಪ್ರಿಂಗು, ಹೊಸ ಟೈರು ಹಾಕಿ, ನಾಲ್ಕೂ ಗಾಲಿ ನೆಟ್ಟಗೆ ನಿಲ್ಲಿಸಿ ಕೊಟ್ಟ.

ಸೋಮವಾರ ತಾಯಿ ಎಂದಿನಂತೆ ಹಿಂದೆ ಕೂತಳು. ಹಂಪುಗಳ ಮೇಲೆ ಕಾರು ಹೊಟ್ಟೆ ತಾಗಿಸದೆ ದಾಟಿತು. ಕಲ್ಲೂರು ಹಿಂದೆ ಬಿತ್ತು. ವಿಜಯಲಕ್ಷ್ಮಿ ವೇಗ ಏರಿಸಿದಳು, ಇನ್ನೂ ಏರಿಸಿದಳು. ಗಾಳಿಯ ಸುಂಯ್ ಬಿಟ್ಟರೆ ಏನಿಲ್ಲ.

"ಅವನ ಹಾಡು ಮುಗೀತು ಬೇ," ಎಂದಳು, ದನಿ ಗಟ್ಟಿ ಮಾಡಿಕೊಂಡು.

"ಹಾಡಲ್ಲ ಅದು."

ಮಗಳು ಕನ್ನಡಿಯಲ್ಲಿ ನೋಡಿದಳು. ಸೂಗಮ್ಮ ಕಣ್ಣು ತೆರೆದೇ ಕೂತಿದ್ದಳು.

"ಹಂಗ ನರಳಾಕತ್ತಿದ್ದ. ಗಾಜಿನ ಬಾಗಲದ ಒಳಗ. ನೀ ಔಷಧ ತರಾಕ ಹೋಗಿದ್ದಿ, ನಿಂಗ ಗೊತ್ತಿಲ್ಲ. ಒಳಗ ಬಿಡ್ರಿ ಅಂದೆ, ಹೊರಗ ಕುಂಡ್ರಮ್ಮಾ ಅಂದ್ರು. ಕುಂತೆ. ಒಂದು ಹೊತ್ತಿನ ಮ್ಯಾಲೆ ಕೇಳಸಲಿಲ್ಲ." ಸೆರಗಿನ ಅಂಚು ಸರಿಮಾಡಿಕೊಂಡಳು. "ಈ ಕಾರಿನ್ಯಾಗ ಒಳಗ ಕುಂಡ್ರತಿದ್ದೆ. ಅವನ ಬಾಜೂಕ. ಎದ್ದು ಹೋಗು ಅನ್ನವರು ಇದ್ದಿಲ್ಲ."

ವಿಜಯಲಕ್ಷ್ಮಿ ಆಕ್ಸಿಲರೇಟರಿನಿಂದ ಕಾಲು ತೆಗೆದಳು. ಕಾರು ರಸ್ತೆಯ ಅಂಚಿಗೆ ಬಂದು ನಿಂತಿತು. ತಮ್ಮ ಗುನುಗುತ್ತಿದ್ದ ಹಾಡು ಯಾವುದೆಂದು ನೆನಪಿಸಿಕೊಳ್ಳಲು ನೋಡಿದಳು. ಒಂದು ಸಾಲೂ ಬರಲಿಲ್ಲ. ಬಂದದ್ದು ಬರೀ ಆ ನರಳುವ ಹ್ಞೂಂ, ನಿಂತ ಕಾರಿನಲ್ಲಿ.

"ನಡಿ," ಎಂದಳು ತಾಯಿ ಹಿಂದಿನಿಂದ. "ಸಾಲಿ ಗಂಟಿ ಹೊಡಿಯೂ ಹೊತ್ತಾತು."