ಅರ್ಧ ಸ್ಟಾಫ್ ಶಂಕರಪ್ಪ

ನಾಗಪುರದ ವಾಡಿಯಲ್ಲಿ ನಾನು ಚಹಾ ಮಾಡುತ್ತಿದ್ದ ಲಾರಿ ಆಫೀಸಿನಲ್ಲಿ ಶಂಕರಪ್ಪನವರ ಮೇಜು ಹೊಸ್ತಿಲಿನ ಮೇಲೆ ಇತ್ತು. ಎರಡು ಕಾಲು ಆಫೀಸಿನೊಳಗೆ, ಎರಡು ಗೋದಾಮಿನೊಳಗೆ. ಆ ಕಡೆ ತೂಕದ ಕಾಟಾ ಕಾಣಬೇಕು, ಈ ಕಡೆ ಕೈ ಚಾಚಿದರೆ ಚೀಟಿ ಅಕೌಂಟೆಂಟರಿಗೆ ಮುಟ್ಟಬೇಕು, ಅದಕ್ಕೆ. ವಿಜಾಪುರದಿಂದ ಬಂದವರು ಹತ್ತೊಂಬತ್ತು ವರ್ಷ ಅಲ್ಲಿಯೇ ಕೂತರು.

೧೯೯೮ರ ಏಪ್ರಿಲ್‌ನಲ್ಲಿ ಮಾಲೀಕರು ಹೊಸ ನಿಯಮ ಮಾಡಿದರು. ಸ್ಟಾಫಿಗೆ ಪಗಾರದ ಜೊತೆ ಮನೆಮಂದಿಯ ಆಸ್ಪತ್ರೆ ಖರ್ಚು. ಗೋದಾಮಿನವರಿಗೆ ತಿಂಗಳಿಗೆ ಎರಡು ಸಾಬೂನು, ಒಂದು ಕಿಲೋ ಬೆಲ್ಲ. ಸಿಮೆಂಟಿನ ಧೂಳು ಗಂಟಲಿಗೆ ಹೋದರೆ ಹಮಾಲರು ಬೆಲ್ಲ ತಿನ್ನುವುದು ರೂಢಿ. ಸ್ಟಾಫ್ ಎಂದರೆ ಯಾರು ಎಂದು ಕೇಳಿದ್ದಕ್ಕೆ ಮಾಲೀಕರು ಸುತ್ತ ನೋಡಿ, “ಫ್ಯಾನಿನ ಗಾಳಿ ತಾಗುವವರು” ಎಂದರು. ಅಕೌಂಟೆಂಟ್ ವೇಣುಗೋಪಾಲ ಅದನ್ನೇ ಬರೆದು ಗೋಡೆಗೆ ಅಂಟಿಸಿದರು.

ಇದ್ದದ್ದು ಒಂದೇ ಫ್ಯಾನು, ನಿಂತಲ್ಲೇ ಕತ್ತು ತಿರುಗಿಸುವಂಥದು.

ಶಂಕರಪ್ಪನವರ ಹೆಂಡತಿ ನೀಲಾಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ನೆಕ್ಕಿ ನೋಡುತ್ತಿದ್ದಳು. ಆಫೀಸು ಖರ್ಚು ಕೊಟ್ಟರೆ ಮಾತ್ರ ಆಪರೇಷನ್.

ವೇಣುಗೋಪಾಲರು ಮೈಸೂರಿನವರು, ಬಹಳ ಕಟ್ಟುನಿಟ್ಟು. ಗಡಿಯಾರ ಹಿಡಿದು ನಿಂತು, ಶಂಕರಪ್ಪನವರ ಮೇಜಿನ ಮೇಲಿನ ಚೀಟಿ ಫ್ಯಾನಿನ ಗಾಳಿಗೆ ಎಷ್ಟು ಹೊತ್ತು ಅಲ್ಲಾಡುತ್ತದೆ ಎಂದು ಎಣಿಸಿದರು.

“ನಿಮಿಷಕ್ಕೆ ಮೂವತ್ತು ಸೆಕೆಂಡು. ನೀವು ಅರ್ಧ ಸ್ಟಾಫು, ಶಂಕರಪ್ಪನೋರೆ.”

“ಅಂದ್ರ ಏನ್ ಸಿಗತೈತ್ರಿ?”

“ಅರ್ಧ ಕಿಲೋ ಬೆಲ್ಲ, ಒಂದು ಸೋಪು, ಒಂದು ಕಣ್ಣು.”

“ಯಾವ ಕಣ್ಣರಿ?”

“ಅದು ನಿಯಮದಲ್ಲಿಲ್ಲ. ಮನೇಲಿ ಕೇಳ್ಕೊಂಡು ಬನ್ನಿ.”

ಮರುದಿನ ಶಂಕರಪ್ಪನವರು ಬಂದು, “ಅಕೌಂಟೆಂಟ್ ಸಾಹೇಬ್ರು ಯಾವ ಕಡಿ ನಿಂದರ್ತಾರ, ಆ ಕಡೀದು ಬಿಟ್ಟು ಇನ್ನೊಂದು ಮಾಡಸ್ರಿ ಅಂದಾಳ್ರಿ” ಎಂದರು. ಆಮೇಲೆ ಎದ್ದುಹೋಗಿ, ಫ್ಯಾನಿನ ಕತ್ತು ತಿರುಗದಂತೆ ಮಾಡಿ ಗಾಳಿಯನ್ನು ತಮ್ಮ ಮೇಜಿಗೇ ನಿಲ್ಲಿಸಿದರು. ಚೀಟಿಗಳು ಹಾರಿಹೋಗದಂತೆ ಒಂದು ತುದಿಗೆ ಎರಡು ಕಿಲೋದ ತೂಕದ ಕಲ್ಲು ಇಟ್ಟು ಕೂತರು.

“ಈಗ ಎಣಸ್ರಿ.”

ಎಣಿಸಿದರು. ಅರವತ್ತಕ್ಕೆ ಅರವತ್ತು. ಅಷ್ಟರಲ್ಲಿ ವೇಣುಗೋಪಾಲರ ಅಂಗಿ ಬೆನ್ನಿಗೆ ಅಂಟಿತ್ತು.

“ಫ್ಯಾನು ಬಿಡಿ ಸ್ವಾಮಿ. ಈ ಲೆಕ್ಕದಲ್ಲಿ ನಾನು ಗೋದಾಮಿನವನಾಗ್ತೀನಿ.”

“ಗ್ವಾಡಿ ಮ್ಯಾಲ ಹಂಗ ಬರದೈತ್ರಿ. ನಿಮ್ಮ ಅಕ್ಷರನ.”

ನಾಲ್ಕು ದಿನ ಫ್ಯಾನು ಕತ್ತು ತಿರುಗಿಸಲಿಲ್ಲ. ಪಗಾರದ ದಿನ ನಿಯಮದಂತೆ ವೇಣುಗೋಪಾಲರಿಗೆ ಎರಡು ಸಾಬೂನು, ಒಂದು ಕಿಲೋ ಬೆಲ್ಲ ಬಂತು. ಬೆಲ್ಲ ಹಿಡಿದುಕೊಂಡೇ ಅವರು ಮಾಲೀಕರ ಹತ್ತಿರ ಹೋದರು.

“ಒಂದೊಂದು ಗುಂಪಿಗೆ ಒಂದೊಂದು ಕೊಡಿ ಸಾರ್, ಬೇಡ ಅನ್ನಲ್ಲ. ಆದ್ರೆ ಕೆಲಸ ನೋಡಿ ಗುಂಪು ಮಾಡಿ, ಗಾಳಿ ನೋಡಿ ಬೇಡ.”

ಮಾಲೀಕರು ಚಹಾ ಆರುವವರೆಗೆ ಯೋಚಿಸಿ, ಪೆನ್ನು ಇರುವವರೆಲ್ಲ ಸ್ಟಾಫ್ ಎಂದು ಹೊಸದಾಗಿ ಬರೆಸಿದರು. ಮರುದಿನ ಇಪ್ಪತ್ತಾರು ಹಮಾಲರೂ ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಬಂದರು. ಅವರ ವಿಷಯ ವಿಚಾರ ಮಾಡುತ್ತೇವೆ ಎಂದರು ಮಾಲೀಕರು. ನಾನು ಇರುವವರೆಗೂ ವಿಚಾರ ನಡೆದೇ ಇತ್ತು.

ಶಂಕರಪ್ಪನವರದು ಮಾತ್ರ ಪೂರ್ತಿ ಮಂಜೂರಾಯಿತು. ಜೂನ್‌ನಲ್ಲಿ ಒಂದು ಕಣ್ಣು, ಆಗಸ್ಟ್‌ನಲ್ಲಿ ಇನ್ನೊಂದು. ಎರಡನೆಯ ಪಟ್ಟಿ ಬಿಚ್ಚಿದ ದಿನ ನಾನೂ ಹೋಗಿದ್ದೆ. ನೀಲಾ ಗಂಡನನ್ನು ಮೇಲಿನಿಂದ ಕೆಳಗೆ ಒಂದು ಸಲ ನೋಡಿದಳು.

“ಈ ಅಂಗಿ ಹಾಕ್ಕೊಂಡು ಹೋದ್ರೂ ನಿಮ್ಮನ್ನ ಸ್ಟಾಫ್ ಅಂತ ಒಪ್ಪಿದ್ರೇನ್ರಿ?” ಎಂದಳು.