ಟ್ರಾಲಿಯ ಮೇಲೆ ಮಲಗಿ ಕಲಿತ ಪಾಠ

ಆಸ್ಪತ್ರೆಯ ಕೆಲಸವನ್ನು ವಿದ್ಯಾರ್ಥಿಗಳಿಗೆ ಪರಿಚಯಿಸುವವರು ಅನೇಕರಿದ್ದಾರೆ; ಆದರೆ ಆ ಪರಿಚಯವನ್ನು ರೋಗಿಯ ಕಡೆಯಿಂದ ಆರಂಭಿಸಿದವರು, ನಾವು ಬಲ್ಲಂತೆ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಶುಶ್ರೂಷಕಿಯವರೊಬ್ಬರೇ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಅವರಿಗೆ ದೊರೆತ ಬಿರುದು ಒಂದೇ, ಅದೂ ವಿದ್ಯಾರ್ಥಿಗಳು ಕೊಟ್ಟದ್ದು: ಟ್ರಾಲಿ ಅಕ್ಕ.

ಸೇವೆಗೆ ಸೇರಿದ ಎರಡನೆಯ ವರ್ಷ ಅವರಿಗೇ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಯಿತು. ದಿನವೂ ಓಡಾಡುವ ಕಾರಿಡಾರಿನಲ್ಲೇ ಟ್ರಾಲಿಯ ಮೇಲೆ ಮಲಗಿ ಸಾಗುವಾಗ ದಾರಿ ತಿಳಿಯದೆ ಕಂಗಾಲಾದರು. ಅಲ್ಲಿಂದ ಮುಂದೆ ಅವರದೊಂದು ನಿಯಮ: ಆಸ್ಪತ್ರೆಯ ಕೆಲಸ ನೋಡಲು ಬರುವ ಪ್ರತಿ ವಿದ್ಯಾರ್ಥಿ ತಂಡದವರೂ ಮೊದಲ ದಿನ ಸರದಿಯಂತೆ ಕುತ್ತಿಗೆಯವರೆಗೆ ಹೊದ್ದು ಟ್ರಾಲಿಯ ಮೇಲೆ ಮಲಗಬೇಕು; ಜೊತೆಯವರು ತುಟಿ ಪಿಟಕ್ಕೆನ್ನದೆ ನೆಲಮಾಳಿಗೆಯ ಎಕ್ಸ್‌ರೇ ಕೋಣೆಯವರೆಗೆ ತಳ್ಳಬೇಕು.

"ಏನ್ ಕಾಣಿಸ್ತು?" ಎಂದು ಇಳಿದವರನ್ನು ಕೇಳುತ್ತಿದ್ದರು.

"ಟ್ಯೂಬ್‌ಲೈಟು, ಆಮೇಲೆ ಇವನ ಮೂಗಿನ ಹೊಳ್ಳೆ" ಎಂದಳು ಒಬ್ಬಳು. "ಎಲ್ಲಿಗೆ ಹೋಗ್ತಿದೀವೋ ಗೊತ್ತಾಗ್ಲಿಲ್ಲ ಅಕ್ಕ. ಭಯ ಆಯ್ತು."

"ಹಾಗಾದ್ರೆ ನೀವು ತಳ್ಳುವಾಗ ಹೇಳ್ಕೊಂಡು ಹೋಗಿ" ಎಂದರು ಅಕ್ಕ. ಪಾಠ ಅಷ್ಟೇ.

ರಕ್ತ ಕಂಡು ತಲೆಸುತ್ತಿ ಬಿದ್ದ ಹುಡುಗನನ್ನು ಮನೆಗೆ ಅಟ್ಟದೆ ಔಷಧಾಲಯಕ್ಕೆ ಕರೆದೊಯ್ದು, "ಆಸ್ಪತ್ರೆ ಅಂದ್ರೆ ಬರೀ ಸೂಜಿ ಕತ್ತರಿ ಅಲ್ಲಪ್ಪ" ಎಂದವರೂ ಅವರೇ. ಆತ ಇಂದು ಅಲ್ಲಿಯೇ ಫಾರ್ಮಾಸಿಸ್ಟ್.

ಮೂರು ವರ್ಷಗಳ ಹಿಂದೆ ಆಡಳಿತದವರಿಗೆ ಈ ಟ್ರಾಲಿ ಪಾಠ ಶೋಭೆಯಲ್ಲ ಎನ್ನಿಸಿತು. ಬಿಳಿ ಕೋಟು ತೊಡಿಸಿ, ಕೊರಳಿಗೆ ಸ್ಟೆತಸ್ಕೋಪು ನೇತುಹಾಕಿ, ಸಭಾಂಗಣದಲ್ಲಿ ನಲವತ್ತು ನಿಮಿಷ ಚಿತ್ರ ತೋರಿಸಿ, ಫೋಟೋ ತೆಗೆದು ಕಳಿಸುವುದೇ ಪರಿಚಯವಾಯಿತು. ಹೇಳುವುದಕ್ಕೇನು ಸಂಕೋಚ? ಅದು ಪರಿಚಯವಲ್ಲ, ವೇಷ. ಅಕ್ಕ ಎಷ್ಟು ವಿನಂತಿಸಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅಕ್ಕನವರ ಸನ್ಮಾನಕ್ಕೆಂದು ಈ ಅಭಿನಂದನಾ ಸಂಪುಟವನ್ನು ಹೊರತರುತ್ತಿರುವವರೂ ಅದೇ ಆಡಳಿತದವರು. ಅವರ ಹೊಗಳಿಕೆ ಮುನ್ನುಡಿಯಲ್ಲಿದೆ, ನಮ್ಮ ಸಿಟ್ಟು ಇಲ್ಲಿರಲಿ.

ಕಳೆದ ವರ್ಷ, ಹಾಗೆ ಚಿತ್ರ ನೋಡಿಯಷ್ಟೇ ತರಬೇತಿಗೆ ಸೇರಿದ ಹುಡುಗಿಯೊಬ್ಬಳು ವೃದ್ಧರೊಬ್ಬರನ್ನು ಮಾತಿಲ್ಲದೆ ನೆಲಮಾಳಿಗೆಗೆ ತಳ್ಳಿಕೊಂಡು ಹೋದಳು. ಎಕ್ಸ್‌ರೇ ಕೋಣೆಯ ಎದುರಿಗೇ ಶವಾಗಾರದ ಫಲಕ. ಅದನ್ನು ಓದಿದ ಆ ಹಿರಿಯರು, "ನಾನಿನ್ನೂ ಬದುಕಿದೀನಮ್ಮ" ಎಂದು ಅತ್ತರು. ಅಕ್ಕ ಓಡಿ ಬಂದು ಅವರ ಕೈ ಹಿಡಿದು, "ಎದೆ ಫೋಟೋ ತೆಗೆಯೋಕೆ ಅಷ್ಟೇ ಅಜ್ಜ. ಹತ್ತು ನಿಮಿಷ, ವಾಪಸ್ ನಿಮ್ಮ ಹಾಸಿಗೆಗೇ" ಎಂದರು. ಹುಡುಗಿಯತ್ತ ತಿರುಗಿ, "ತಪ್ಪು ನಿಂದಲ್ಲ ಕಣಮ್ಮ. ನಿನ್ನನ್ನ ಒಂದ್ಸಲ ಮಲಗಿಸದೆ ಕಳಿಸಿದವರದು" ಎಂದರು. ಅವರ ದನಿ ಏರಿದ್ದನ್ನು ನಾವು ಕೇಳಿದ್ದು ಅದೇ ಮೊದಲು.

ಮರುದಿನವೇ ಅರ್ಜಿ ಬರೆದರು: ನಿವೃತ್ತಿಯ ನಂತರ ಪ್ರತಿ ತಂಡದ ಮೊದಲ ದಿನ ಸಂಬಳವಿಲ್ಲದೆ ಬರುತ್ತೇನೆ, ಒಂದು ಟ್ರಾಲಿ ಕೊಡಿ. ಹನ್ನೊಂದು ತಿಂಗಳಾಯಿತು. ಅದು ಇನ್ನೂ ಪರಿಶೀಲನೆಯಲ್ಲಿದೆಯಂತೆ.

ಅಕ್ಕನವರಿಗೆ ನೂರು ವರ್ಷದ ಆಯುಸ್ಸು, ಗಟ್ಟಿ ಮೊಣಕಾಲು, ಕೈತುಂಬ ಕೆಲಸ ಇರಲೆಂದು ಮನಸಾರೆ ಹಾರೈಸುತ್ತೇವೆ. ಅವರ ಅರ್ಜಿಗೆ ಮಾತ್ರ ದೀರ್ಘಾಯುಸ್ಸು ಬೇಡ. ಸನ್ಮಾನದ ವೇದಿಕೆಯ ಮೇಲೆಯೇ ಅದಕ್ಕೆ ಸಹಿ ಬೀಳಲಿ.