ಅಮ್ಮನ ಕಾಗದ, ಅಪ್ಪನ ಗೆರೆ

ಅಪ್ಪ ದುಡ್ಡು ಕೊಟ್ಟು ಬಿಳಿ ಹಾಳೆ ತಂದು ಚಿತ್ರ ಬರೆದದ್ದನ್ನು ನಾನು ನೋಡಿಲ್ಲ. ಅವನು ಕಲ್ಲಿನ ಶಿಲ್ಪಿ. ಕನಕಪುರ ರಸ್ತೆಯಲ್ಲಿ, ತಲಘಟ್ಟಪುರ ದಾಟಿದ ಮೇಲೆ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದಿದ್ದ. ಕಲ್ಲಿಗೆ ಉಳಿ ಇಡುವ ಮುಂಚೆ ಕೈಗೆ ಸಿಕ್ಕಿದ ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಗೀಚುತ್ತಿದ್ದ. ಲೈಟ್ ಬಿಲ್ಲಾದರೂ ಸರಿ, ನನ್ನ ಹಳೆಯ ಪ್ರಶ್ನೆಪತ್ರಿಕೆಯಾದರೂ ಸರಿ. ಆದರೆ ಹೆಚ್ಚಿನವು ಅಮ್ಮನ ಕಾಗದಗಳು.

ಅಮ್ಮ ಸರ್ಕಾರಿ ಶಾಲೆಯ ಕನ್ನಡ ಟೀಚರ್. ನಾನು ಚಿಕ್ಕವಳಿದ್ದಾಗ ಕುಣಿಗಲ್ ಕಡೆಯ ಹಳ್ಳಿಯೊಂದಕ್ಕೆ ವರ್ಗವಾಗಿ, ಹಲವು ವರ್ಷ ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಳು. ಶನಿವಾರ ಮಧ್ಯಾಹ್ನ ಬನಶಂಕರಿಯ ಮನೆಗೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್. ವಾರದ ಮಧ್ಯೆ ಅವಳ ಕಾಗದ ಬರುತ್ತಿತ್ತು. ಹಾಳೆಯ ಒಂದೇ ಮಗ್ಗುಲಿಗೆ ಬರೆದು, ಇನ್ನೊಂದು ಮಗ್ಗುಲನ್ನು ಅಪ್ಪನಿಗೆಂದೇ ಬಿಡುತ್ತಿದ್ದಳು. ಅಪ್ಪನಿಗೆ ಕಾಗದ ಬರೆಯಲು ಬರುತ್ತಿರಲಿಲ್ಲ ಎಂದಲ್ಲ, ಬೇಜಾರು. ಅವನ ಉತ್ತರವೆಲ್ಲ ಆ ಖಾಲಿ ಮಗ್ಗುಲಲ್ಲಿ. ಶಾಲೆಯ ಬಾವಿಯ ಮೆಟ್ಟಿಲು ಕುಸಿದಿದೆ ಎಂದು ಅಮ್ಮ ಬರೆದಿದ್ದರೆ ಅದರ ಹಿಂದೆ ಕುಸಿದ ಮೆಟ್ಟಿಲು. ಸೊಂಟ ಹಿಡಿದುಕೊಂಡಿದೆ ಎಂದಿದ್ದರೆ ಬಾಗಿದ ಹೆಂಗಸಿನ ಬೆನ್ನು. ಅವುಗಳಲ್ಲಿ ಕೆಲವು ಆಮೇಲೆ ಕಲ್ಲಾದವು. ಶನಿವಾರ ಅಮ್ಮ ಬಂದ ಕೂಡಲೇ ಅಪ್ಪ ಹಾಳೆಯನ್ನು ಅವಳ ಮುಂದಿಡುತ್ತಿದ್ದ.

“ನನ್ನ ಬೆನ್ನು ಇಷ್ಟೊಂದು ಬಾಗಿಲ್ಲ ಕಣ್ರೀ,” ಎಂದು ಅವಳು ಚಪ್ಪಲಿ ಬಿಡುತ್ತಲೇ ನಗುತ್ತಿದ್ದಳು.

ತೊಂಬತ್ತರ ದಶಕದ ನಡುವಿನಲ್ಲಿ ಅಪ್ಪ ತೀರಿಕೊಂಡ. ಅಷ್ಟು ವರ್ಷ ಕುಡಿದ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತಿತ್ತು. ಅವನು ಬದುಕಿದ್ದಷ್ಟು ದಿನ ಶೆಡ್ಡಿನ ಕಡೆ ತಲೆ ಹಾಕಿಯೂ ಮಲಗದ ಕಲಾಸಂಸ್ಥೆಯೊಂದಕ್ಕೆ, ಸತ್ತ ಮೇಲೆ ಅವನು ದೊಡ್ಡ ಶಿಲ್ಪಿಯಾಗಿ ಕಂಡ. ಅಲ್ಲಿನ ಸಂಗ್ರಹದ ಮುಖ್ಯಸ್ಥರು ಖಾದಿ ಜುಬ್ಬಾ ಹಾಕಿಕೊಂಡು ಮನೆಗೆ ಬಂದರು. ಕಾಫಿ ಕುಡಿದರು. ಎರಡು ಟ್ರಂಕುಗಳಲ್ಲಿದ್ದ ಕಾಗದಗಳನ್ನು ತೆಗೆದು ನೋಡಿ ಕಣ್ಣಿಗೊತ್ತಿಕೊಂಡರು.

“ಅಮ್ಮಾ, ಸಾರ್ ಪೇಪರ್ಸ್ ಎಲ್ಲಾ ನಮಗೆ ಕೊಟ್ಬಿಡಿ. ಇಲ್ಲಿ ಗೆದ್ದಲು ತಿನ್ನುತ್ತೆ. ನಾವು ಆರ್ಕೈವ್ ಮಾಡಿ ಇಡ್ತೀವಿ,” ಎಂದರು.

“ಕೊಡ್ತೀನಿ. ಆದ್ರೆ ಇದ್ರಲ್ಲಿ ನನ್ನ ಕಾಗದಾನೂ ಇದೆ. ಎರಡು ಕಡೆನೂ ಓದೋ ಹಾಗೆ ಇಡ್ಬೇಕು,” ಎಂದಳು ಅಮ್ಮ.

“ಖಂಡಿತ ಅಮ್ಮಾ. ನಿಮ್ಮ ಒಂದು ಅಕ್ಷರಾನೂ ಹಾಳಾಗಲ್ಲ.”

ಕೊಡುವ ಮುಂಚೆ ಎಲ್ಲವನ್ನೂ ಜೆರಾಕ್ಸ್ ಮಾಡಿಸಿಕೊಳ್ಳುತ್ತೇವೆ ಎಂದು ನಾನು ಹೇಳಿದೆ. ಮುಖ್ಯಸ್ಥರು ಗಾಬರಿಯಾದವರಂತೆ ಕೈ ಅಡ್ಡ ಹಿಡಿದರು. ಅಂಗಡಿಯ ಮೆಷಿನ್ನಿಗೆ ಕೊಟ್ಟರೆ ಹಳೆಯ ಹಾಳೆ ಹರಿಯುತ್ತದಂತೆ. ಅವರೇ ಒಳ್ಳೆಯ ಪ್ರತಿ ತೆಗೆಸಿ ಕಳಿಸುತ್ತಾರಂತೆ. ನಂಬಿದೆವು. ಟ್ರಂಕುಗಳು ವ್ಯಾನ್ ಹತ್ತಿ ಹೋದವು.

ಪ್ರತಿ ಬರಲಿಲ್ಲ. ಜಯನಗರದ ಬ್ಯಾಂಕಿನಲ್ಲಿ ನನಗೆ ಕೆಲಸ. ಊಟದ ಬಿಡುವಿನಲ್ಲಿ ಅಲ್ಲಿಂದ ಫೋನ್ ಮಾಡುತ್ತಿದ್ದೆ. “ಪ್ರೊಸೆಸ್ ನಡೀತಿದೆ ಮೇಡಂ,” ಎನ್ನುತ್ತಿದ್ದರು. ವರ್ಷ ಕಳೆದ ಮೇಲೂ ಅದೇ ಮಾತು. ಅಮ್ಮ ಮಾತ್ರ, “ಸರ್ಕಾರಿ ಕೆಲಸಾನೇ ನಿಧಾನ, ಇದು ಅದಕ್ಕಿಂತ ನಾಜೂಕಿನ ಕೆಲಸ. ಕಾಯೋಣ,” ಎನ್ನುತ್ತಿದ್ದಳು.

ಹೊಸ ಶತಮಾನ ಶುರುವಾಗಿ ಕೆಲವು ವರ್ಷಕ್ಕೆ ದಪ್ಪ ಕಾಗದದ ಆಹ್ವಾನಪತ್ರಿಕೆ ಬಂತು. ಜೆ.ಪಿ. ನಗರದ ಸಭಾಂಗಣವೊಂದರಲ್ಲಿ ಅಪ್ಪನ ರೇಖಾಚಿತ್ರಗಳ ಪ್ರದರ್ಶನ. ಅಮ್ಮ ರೇಷ್ಮೆ ಸೀರೆ ಉಟ್ಟಳು. ಆಟೋದಲ್ಲಿ ಹೋದೆವು. ಗೋಡೆಯ ತುಂಬ ಕಟ್ಟು ಹಾಕಿದ ಚಿತ್ರಗಳು, ಒಂದೊಂದರ ಕೆಳಗೂ ‘ಶೀರ್ಷಿಕೆಯಿಲ್ಲ’ ಎಂಬ ಚೀಟಿ. ಮೈಕು ಹಿಡಿದ ವಿದ್ವಾಂಸರೊಬ್ಬರು ಕುಸಿದ ಮೆಟ್ಟಿಲಿನ ಮುಂದೆ ನಿಂತು, ಇದು ನಮ್ಮ ಶಿಲ್ಪ ಪರಂಪರೆಯ ಅವನತಿಯ ಬಗ್ಗೆ ಕಲಾವಿದನ ಆಕ್ರಂದನ ಎಂದು ವಿವರಿಸುತ್ತಿದ್ದರು.

“ಅದು ನಮ್ಮ ಸ್ಕೂಲ್ ಬಾವಿ,” ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿದಳು. ಆಗಿನ್ನೂ ಅವಳಿಗೆ ನಗು.

ಆಮೇಲೆ ಮುಖ್ಯಸ್ಥರನ್ನು ಕರೆದು, “ನನ್ನ ಕಾಗದ ಎಲ್ಲಿ ಇಟ್ಟಿದೀರಿ?” ಎಂದು ಕೇಳಿದಳು.

“ಇದೇ ಅಲ್ವಾ ಅಮ್ಮಾ,” ಎಂದು ಅವರು ಗೋಡೆ ತೋರಿಸಿದರು.

ಅಮ್ಮ ಬಾಗಿದ ಬೆನ್ನಿನ ಚಿತ್ರವನ್ನು ಮೊಳೆಯಿಂದ ಇಳಿಸಿ ತಿರುಗಿಸಿದಳು. ಹಿಂದೆ ಕಂದು ಬಣ್ಣದ ರಟ್ಟು. ಅವಳು ಉಗುರಿನಿಂದ ಅಂಚನ್ನು ಎಬ್ಬಿಸಲು ನೋಡಿದಳು.

“ಅಮ್ಮಾ, ಮುಟ್ಬೇಡಿ! ರಟ್ಟಿಗೆ ಅಂಟಿಸಿದೀವಿ. ಇಲ್ದಿದ್ರೆ ಹಾಳೆ ಸುರುಳಿ ಸುತ್ಕೊಳ್ಳುತ್ತೆ.”

“ಅಂಟು ಹಾಕಿ ಅಂಟಿಸಿದೀರಾ?” ಎಂದೆ ನಾನು. “ಬರೆದಿರೋ ಕಡೆಗೆ? ಎಲ್ಲವನ್ನೂ?”

“ಡ್ರಾಯಿಂಗ್ ಇರೋದನ್ನೆಲ್ಲಾ, ಹೌದು.”

“ಪ್ರತಿ ತೆಗೆದಿದೀರಾ?”

ಅವರು ಆಚೀಚೆ ನೋಡಿ ದನಿ ತಗ್ಗಿಸಿದರು. “ಹಿಂದೆ ಇದ್ದಿದ್ದು ಪರ್ಸನಲ್ ಅಲ್ವಾ ಮೇಡಂ. ಮನೆ ವಿಷಯ. ಸಾರ್ ಕಲೆಗೂ ಅದಕ್ಕೂ ಏನು ಸಂಬಂಧ?”

ಇಷ್ಟು ವರ್ಷವಾದರೂ ಆ ಮಾತು ನೆನೆದರೆ ನನ್ನ ಮೈ ಉರಿಯುತ್ತದೆ. ಸಂಬಂಧವಂತೆ! ಸೊಂಟ ನೋವೆಂದು ಒಬ್ಬಳು ಬರೆದಿರದಿದ್ದರೆ ಆ ಬೆನ್ನು ಎಲ್ಲಿಂದ ಬರುತ್ತಿತ್ತು? ನಾನು ಕೂಗಾಡಿದೆ. ಬ್ಯಾಂಕಿನ ಕೌಂಟರಿನಲ್ಲಿ ಯಾರೆಷ್ಟು ರೇಗಿದರೂ ದನಿ ಏರಿಸದವಳು, ಅವತ್ತು ಗಂಟಲು ಬಿರಿಯುವಷ್ಟು ಕೂಗಾಡಿದೆ. ಕೈಯಲ್ಲಿ ಟೀ ಕಪ್ಪು ಹಿಡಿದ ಜನ ತಿರುಗಿ ನೋಡಿದರು. “ಸಮಾಧಾನ ಮಾಡ್ಕೊಳ್ಳಿ ಮೇಡಂ, ಫಂಕ್ಷನ್ ನಡೀತಿದೆ,” ಎಂದು ಯಾರೋ ಬುದ್ಧಿ ಹೇಳಿದರು.

ಅಮ್ಮ ಕೂಗಲಿಲ್ಲ. ಕೈಯಲ್ಲಿದ್ದ ಚಿತ್ರವನ್ನು ನೆಲಕ್ಕಿಟ್ಟು, ರಟ್ಟು ಕಾಣುವಂತೆ ಗೋಡೆಗೆ ಒರಗಿಸಿದಳು. ಪಕ್ಕದ್ದನ್ನು ಇಳಿಸಿದಳು, ಅದನ್ನೂ ಹಾಗೇ ಒರಗಿಸಿದಳು. ಮೂರನೆಯದಕ್ಕೆ ಅವಳ ಕೈ ಎಟುಕಲಿಲ್ಲ. ನಾನು ಇಳಿಸಿಕೊಟ್ಟೆ. ವಾಚ್‌ಮನ್ ಓಡಿ ಬಂದು, ರೇಷ್ಮೆ ಸೀರೆಯ ಮುದುಕಿಯನ್ನು ಹಿಡಿಯುವುದೋ ಬಿಡುವುದೋ ತಿಳಿಯದೆ ನಿಂತುಬಿಟ್ಟ. ಆ ಗೋಡೆ ಪೂರ್ತಿ ಖಾಲಿಯಾಗುವ ತನಕ ಅವಳು ನಿಲ್ಲಿಸಲಿಲ್ಲ. ಮೈಕಿನ ವಿದ್ವಾಂಸರು ಯಾವಾಗ ಮಾತು ನಿಲ್ಲಿಸಿದರೋ ಗೊತ್ತಾಗಲಿಲ್ಲ.

“ಈಗ ಬಂದವರು ಹಿಂದುಗಡೆ ಏನಿದೆ ಅಂತ ಕೇಳ್ಲಿ,” ಎಂದು ಮುಖ್ಯಸ್ಥರಿಗೆ ಹೇಳಿ ಹೊರಗೆ ನಡೆದಳು.

ಸಂಸ್ಥೆ ಮೊದಲು ನಮ್ಮದೇ ತಪ್ಪೆಂದಿತು. ನಾನು ಬಿಡಲಿಲ್ಲ, ವಾರವಾರವೂ ಹೋಗಿ ಕೂತೆ. ಕೊನೆಗೆ ಒಂದು ಹಾಳೆಯನ್ನು ಬಿಡಿಸಿ ನೋಡುವುದಕ್ಕೆ ಒಪ್ಪಿದರು. ಅಂಥ ಕೆಲಸ ಕಲಿತ ಹೆಂಗಸೊಬ್ಬರು ನಮ್ಮೆದುರಿಗೇ ರಟ್ಟಿಗೆ ಹಬೆ ಹಿಡಿದು, ತೆಳ್ಳನೆಯ ಚಾಕುವಿನಿಂದ ಹಾಳೆಯನ್ನು ಮೆಲ್ಲಗೆ ಎಬ್ಬಿಸಿದರು. ಪೆನ್ಸಿಲಿನ ಗೆರೆ ಉಳಿಯಿತು. ಅಮ್ಮನ ಇಂಕು ಮಾತ್ರ ಕರಗಿ ನೀಲಿ ಕಲೆಯಾಗಿತ್ತು. ‘ಸೀಮೆಎಣ್ಣೆ’ ಎಂಬುದನ್ನು ಓದಬಹುದಿತ್ತು. ಇನ್ನೊಂದು ಕಡೆ ‘ಮಂಗಳವಾರ’. ಅಷ್ಟೇ.

ಅಮ್ಮ ಬಹಳ ಹೊತ್ತು ನೋಡಿದಳು. “ಸಾಕು. ಮಿಕ್ಕಿದ್ದನ್ನ ಕೀಳ್ಬೇಡಿ. ಅವ್ರ ಚಿತ್ರಾನೂ ಹೋಗ್ಬಿಡುತ್ತೆ,” ಎಂದಳು. ನನಗೆ ಅಳು ಬರಲಿಲ್ಲ. ಆ ಚಾಕುವನ್ನು ಕಿತ್ತುಕೊಳ್ಳಬೇಕು ಅನ್ನಿಸಿತು.

ಆಮೇಲೆ ಅವಳು ಹಟ ಹಿಡಿದು ಕೂತದ್ದು ಚೀಟಿಗಳ ವಿಷಯಕ್ಕೆ. ಪ್ರತಿ ಚಿತ್ರ ಯಾವುದರದ್ದು, ಹಿಂದೆ ತಾನೇನು ಬರೆದಿದ್ದೆ ಎಂದು ನೆನಪಿದ್ದಷ್ಟನ್ನು ಹೇಳಿದಳು, ಅವರು ಬರೆದುಕೊಂಡರು. ಅದರ ಕೆಳಗೆ ‘ಹಿಂಬದಿಯ ಬರಹ ಲಭ್ಯವಿಲ್ಲ’ ಎಂದು ಸೇರಿಸಿದ್ದರು.

“ಲಭ್ಯವಿಲ್ಲ ಅಂದ್ರೆ ಕಳೆದುಹೋಯ್ತು ಅಂತ ಅರ್ಥ ಬರುತ್ತೆ,” ಎಂದಳು ಅಮ್ಮ. “ಕಳೀಲಿಲ್ಲ. ನೀವು ಅಂಟಿಸಿದ್ರಿ. ಹಾಗೇ ಬರೀರಿ.”

ತಿಂಗಳುಗಟ್ಟಲೆ ಆ ಒಂದು ಸಾಲಿಗೆ ಜಗಳ. ಕೊನೆಗೆ ‘ಹಿಂಬದಿಯ ಬರಹವನ್ನು ಅಂಟಿಸಲಾಗಿದೆ’ ಎಂದಾಯಿತು. ಹೊಸ ಚೀಟಿಯನ್ನು ಕಣ್ಣ ಹತ್ತಿರ ಹಿಡಿದು ಓದಿದ ಅಮ್ಮ, “ಯಾರು ಅಂಟಿಸಿದ್ದು ಅಂತ ಇಲ್ವಲ್ಲ. ಈ ವಾಕ್ಯಕ್ಕೆ ಕರ್ತೃ ಎಲ್ಲಿ?” ಎಂದು ಕೇಳಿದಳು. ಮುಖ್ಯಸ್ಥರು ಅದನ್ನು ತಮಾಷೆಯೆಂದು ತಿಳಿದು ನಕ್ಕರು. ನಾವಿಬ್ಬರೂ ನಗಲಿಲ್ಲ.